ನಿಮಗಿದು ಗೊತ್ತೇ? ಕೋರ್ಟು ಕಟ್ಟೆ ಹತ್ತಿ ಗೆದ್ದ ಅಮೆರಿಕದ ಹಕ್ಕುಗಳು

ಹಾಲಿವುಡ್ ಸಿನಿಮಾ ನೋಡಿದವರಿಗೆಲ್ಲ ಅಮೆರಿಕದ ಕಾನೂನು ಅಷ್ಟಿಷ್ಟು ಬಾಯಿಪಾಠ. ಪೊಲೀಸಿನವನು ಕೈಕೋಳ ಹಾಕುತ್ತಾ ‘ನಿನಗೆ ಬಾಯಿ ಮುಚ್ಚಿಕೊಂಡಿರುವ ಹಕ್ಕಿದೆ’ ಅನ್ನುತ್ತಾನೆ, ಆರೋಪಿ ‘ಮೊದಲು ನನ್ನ ಲಾಯರನ್ನು ಕರೆಸಿ’ ಎಂದು ದಬಾಯಿಸುತ್ತಾನೆ. ಆದರೆ ಪೊಲೀಸಿನವನ ಆ ಮಾತನ್ನು ಅವರ ಸಂವಿಧಾನದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ಕೆಲವೇ ಸಾಲು. ಆ ಸಾಲುಗಳಿಗೆ ಜೀವ ಬಂದದ್ದು ಯಾರೋ ಒಬ್ಬರು ಕೇಸು ಹಾಕಿ ಪಟ್ಟು ಹಿಡಿದು ಕೂತದ್ದರಿಂದ. ಹಾಗೆ ಕೂತವರಲ್ಲಿ ಮಹಾನುಭಾವರು ಕಡಿಮೆ; ಜೂಜುಕೋರರು, ಗಾಂಜಾ ಬೆಳೆದವರು, ಸ್ಕೂಲಿಗೆ ಹೋಗುವ ಹುಡುಗಿಯರು, ಬಟ್ಟೆ ಒಗೆಯುವವರೇ ಹೆಚ್ಚು.

● 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಮೂಲ ಸಂವಿಧಾನದಲ್ಲಿ ಹಕ್ಕುಗಳ ಪಟ್ಟಿಯೇ ಇರಲಿಲ್ಲ. ಅಕ್ರಮ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್, ಕ್ರಿಮಿನಲ್ ಕೇಸಿಗೆ ಜ್ಯೂರಿ, ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಇಲ್ಲ ಎಂಬಂಥ ಒಂದೆರಡು ಮಾತು ಅಲ್ಲಲ್ಲಿ ಇದ್ದವು, ಅಷ್ಟೆ. ವರ್ಜೀನಿಯಾದ ಜಾರ್ಜ್ ಮೇಸನ್ ಇದಕ್ಕೇ ಸಿಟ್ಟಾಗಿ, ತಿಂಗಳುಗಟ್ಟಲೆ ಕೂತು ಚರ್ಚಿಸಿದ ದಾಖಲೆಗೆ ಸಹಿ ಹಾಕದೆ ಮನೆಗೆ ಹೋದರು.

● ಜೇಮ್ಸ್ ಮ್ಯಾಡಿಸನ್ ಮುಂದೆ ನಿಂತು 1789ರಲ್ಲಿ ತಿದ್ದುಪಡಿಗಳನ್ನು ಮಂಡಿಸಿದರು. ಕಾಂಗ್ರೆಸ್ಸು ರಾಜ್ಯಗಳಿಗೆ ಕಳಿಸಿದ್ದು ಹತ್ತಲ್ಲ, ಹನ್ನೆರಡು. ಮೊದಲ ಎರಡು ಬಿದ್ದುಹೋದವು. ಉಳಿದ ಹತ್ತು 1791ರ ಡಿಸೆಂಬರ್ 15ರಂದು ಜಾರಿಗೆ ಬಂದವು. ಇವೇ ‘ಬಿಲ್ ಆಫ್ ರೈಟ್ಸ್’. ಅಂದರೆ, ಮಾತು, ಪತ್ರಿಕೆ, ಧರ್ಮದ ಸ್ವಾತಂತ್ರ್ಯ ಕೊಡುವ ಜಗತ್ಪ್ರಸಿದ್ಧ ಮೊದಲನೇ ತಿದ್ದುಪಡಿ ಅಸಲಿಗೆ ಮೂರನೆಯದು. ಮೇಲಿನ ಎರಡು ಉದುರಿದ್ದಕ್ಕೆ ಬಡ್ತಿ ಸಿಕ್ಕಿತು.

● ಬಿದ್ದ ಎರಡರಲ್ಲಿ ಒಂದು ಸತ್ತಿರಲಿಲ್ಲ. ಸಂಸದರು ತಮ್ಮ ಸಂಬಳವನ್ನು ತಾವೇ ಏರಿಸಿಕೊಂಡರೆ, ಮುಂದಿನ ಚುನಾವಣೆ ಮುಗಿಯುವವರೆಗೆ ಆ ಏರಿಕೆ ಕೈಗೆ ಬಾರದು ಎಂಬುದು ಅದರ ಸಾರ. 1982ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಗ್ರೆಗರಿ ವಾಟ್ಸನ್ ಎಂಬ ವಿದ್ಯಾರ್ಥಿ ಇದಕ್ಕೆ ಕೊನೆಯ ದಿನಾಂಕವನ್ನೇ ಹಾಕಿಲ್ಲ, ಆದ್ದರಿಂದ ರಾಜ್ಯಗಳು ಈಗಲೂ ಒಪ್ಪಬಹುದು ಎಂದು ಕ್ಲಾಸಿನ ಪ್ರಬಂಧದಲ್ಲಿ ಬರೆದ. ಬಂದದ್ದು ‘ಸಿ’ ಗ್ರೇಡು. ಹುಡುಗ ಹಟಕ್ಕೆ ಬಿದ್ದು ರಾಜ್ಯ ಶಾಸನಸಭೆಗಳಿಗೆ ಪತ್ರದ ಮೇಲೆ ಪತ್ರ ಹಾಕಿದ. ಹತ್ತು ವರ್ಷದ ನಂತರ, 1992ರಲ್ಲಿ, ಅದು 27ನೇ ತಿದ್ದುಪಡಿಯಾಗಿ ಸಂವಿಧಾನ ಸೇರಿತು. ಪ್ರಸ್ತಾಪ ಹೊರಟು 202 ವರ್ಷ ದಾಟಿತ್ತು. ವಿಶ್ವವಿದ್ಯಾಲಯ 2017ರಲ್ಲಿ ಅವನ ಗ್ರೇಡನ್ನು ‘ಎ’ಗೆ ತಿದ್ದಿತು.

● ಮ್ಯಾಸಚೂಸೆಟ್ಸ್, ಜಾರ್ಜಿಯಾ, ಕನೆಕ್ಟಿಕಟ್ — ಈ ಮೂರು ರಾಜ್ಯಗಳು ಬಿಲ್ ಆಫ್ ರೈಟ್ಸನ್ನು ವಿಧಿವತ್ತಾಗಿ ಒಪ್ಪಿದ್ದು 1939ರಲ್ಲಿ, ಅದರ ನೂರೈವತ್ತನೇ ವರ್ಷದ ನೆನಪಿಗೆ.

● ರಾಜ್ಯಗಳಿಗೆ ಕಳಿಸಿದ ಮೂಲಪ್ರತಿಗಳಲ್ಲಿ ನಾರ್ತ್ ಕ್ಯಾರೊಲಿನಾದ್ದು 1865ರಲ್ಲಿ ಕಳುವಾಯಿತು. ಅಂತರ್ಯುದ್ಧದ ಕೊನೆಯಲ್ಲಿ ರಾಜಧಾನಿ ರಾಲೀಗೆ ನುಗ್ಗಿದ ಉತ್ತರದ ಸೈನಿಕನೊಬ್ಬ ಅದನ್ನು ಎತ್ತಿಕೊಂಡು ಹೋಗಿ ಮರುವರ್ಷ 5 ಡಾಲರಿಗೆ ಮಾರಿದ. ಅದು ಮರಳಿ ಸಿಕ್ಕಿದ್ದು 2003ರಲ್ಲಿ, ಎಫ್‌ಬಿಐನವರು ಗಿರಾಕಿಗಳ ಸೋಗಿನಲ್ಲಿ ಬಲೆ ಬೀಸಿದಾಗ. ಊರು? ಅದೇ ಫಿಲಡೆಲ್ಫಿಯಾ.

● ಇನ್ನೊಂದು ವಿಷಯ ಅಮೆರಿಕನ್ನರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಈ ಹಕ್ಕುಗಳು ಮೊದಲಿಗೆ ಕೇಂದ್ರ ಸರ್ಕಾರದ ವಿರುದ್ಧ ಮಾತ್ರ ನಡೆಯುತ್ತಿದ್ದವು. ಬಾಲ್ಟಿಮೋರ್ ನಗರದವರು ತೊರೆಗಳ ದಿಕ್ಕು ತಿರುಗಿಸಿದ್ದರಿಂದ ಜಾನ್ ಬ್ಯಾರನ್ ಎಂಬಾತನ ಹಡಗುಕಟ್ಟೆಯಲ್ಲಿ ಹೂಳು ತುಂಬಿ ವ್ಯಾಪಾರ ನಿಂತಿತು. ಐದನೇ ತಿದ್ದುಪಡಿಯ ಪ್ರಕಾರ ಪರಿಹಾರ ಕೊಡಿ ಎಂದು ಹೋದರೆ, ಆ ತಿದ್ದುಪಡಿ ನಗರಕ್ಕೂ ರಾಜ್ಯಕ್ಕೂ ಅನ್ವಯಿಸುವುದಿಲ್ಲ ಎಂದು 1833ರಲ್ಲಿ ಸುಪ್ರೀಂ ಕೋರ್ಟು ವಾಪಸು ಕಳಿಸಿತು. ರಾಜ್ಯಗಳಿಗೂ ಮೂಗುದಾರ ಬಿದ್ದದ್ದು 1868ರ 14ನೇ ತಿದ್ದುಪಡಿಯಿಂದ. ಅದೂ ಒಂದೇ ಏಟಿಗಲ್ಲ. ಒಂದೊಂದು ಹಕ್ಕಿಗೂ ಒಂದೊಂದು ಕೇಸು ಬೇಕಾಯಿತು. ಇಪ್ಪತ್ತನೇ ಶತಮಾನವಿಡೀ ಅದೇ ಕೆಲಸ ನಡೆಯಿತು.

● ಅಂಥ ಕೇಸುಗಳಲ್ಲಿ ತೀರಾ ಈಚಿನದರಲ್ಲಿ ಒಂದು 2019ರದು. ಇಂಡಿಯಾನಾದ ಟೈಸನ್ ಟಿಂಬ್ಸ್ ನಾನೂರು ಡಾಲರಿಗೂ ಕಡಿಮೆ ಬೆಲೆಯ ಮಾದಕವಸ್ತು ಮಾರಿ ಸಿಕ್ಕಿಬಿದ್ದ. ಆ ಅಪರಾಧಕ್ಕೆ ಗರಿಷ್ಠ ದಂಡ 10,000 ಡಾಲರ್. ಪೊಲೀಸರು ಜಪ್ತಿ ಮಾಡಿದ್ದು ಅಪ್ಪನ ವಿಮೆ ಹಣದಿಂದ ಅವನು ಕೊಂಡಿದ್ದ 42,000 ಡಾಲರಿನ ಲ್ಯಾಂಡ್ ರೋವರ್ ಕಾರು. ಮಿತಿಮೀರಿದ ದಂಡ ಹಾಕಬಾರದೆಂಬ ಎಂಟನೇ ತಿದ್ದುಪಡಿ ರಾಜ್ಯಗಳಿಗೂ ಅನ್ವಯ ಎಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. 228 ವರ್ಷ ಹಳೆಯ ಸಾಲು ಇಂಡಿಯಾನಾ ತಲುಪಿದ್ದು ಹೀಗೆ, ಕಾರಿನಲ್ಲಿ.

● ಈಗ ಆ ಸಿನಿಮಾ ಡೈಲಾಗಿಗೆ ಬರೋಣ. 1963ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಅಪಹರಣ, ಅತ್ಯಾಚಾರದ ಆರೋಪದ ಮೇಲೆ ಅರ್ನೆಸ್ಟೋ ಮಿರಾಂಡಾ ಎಂಬಾತನನ್ನು ಹಿಡಿದರು. ಎರಡು ಗಂಟೆ ವಿಚಾರಿಸಿದರು, ತಪ್ಪೊಪ್ಪಿಗೆಗೆ ಸಹಿ ಹಾಕಿಸಿಕೊಂಡರು. ಸುಮ್ಮನಿರಬಹುದು, ವಕೀಲರನ್ನು ಕೇಳಬಹುದು ಎಂದು ಯಾರೂ ಅವನಿಗೆ ಹೇಳಲಿಲ್ಲ. 1966ರಲ್ಲಿ ಸುಪ್ರೀಂ ಕೋರ್ಟು 5–4ರಲ್ಲಿ ಆ ಹೇಳಿಕೆಯನ್ನು ತಳ್ಳಿಹಾಕಿತು. ಕಸ್ಟಡಿಯಲ್ಲಿಟ್ಟು ಪ್ರಶ್ನೆ ಕೇಳುವ ಮುನ್ನ ಹಕ್ಕುಗಳನ್ನು ತಿಳಿಸಲೇಬೇಕು ಎಂದಿತು.

ಇಲ್ಲಿಗೆ ಮಿರಾಂಡಾ ಬಚಾವಾದ ಎಂದುಕೊಂಡರೆ ಇಲ್ಲ. ಮರುವಿಚಾರಣೆಯಲ್ಲಿ, ಅವನ ಜೊತೆ ಬಾಳುತ್ತಿದ್ದ ಹೆಂಗಸು ಸಾಕ್ಷಿ ಹೇಳಿ, ಮತ್ತೆ ಶಿಕ್ಷೆಯಾಯಿತು. 1972ರಲ್ಲಿ ಪೆರೋಲಿನ ಮೇಲೆ ಹೊರಬಂದವನು ಪೊಲೀಸರು ಓದುವ ಆ ಎಚ್ಚರಿಕೆಯ ಕಾರ್ಡುಗಳಿಗೆ ಸಹಿ ಹಾಕಿ ಒಂದೂವರೆ ಡಾಲರಿಗೆ ಒಂದರಂತೆ ಮಾರುತ್ತಿದ್ದ. 1976ರಲ್ಲಿ ಬಾರಿನ ಜಗಳವೊಂದರಲ್ಲಿ ಚೂರಿ ಇರಿತಕ್ಕೆ ಸತ್ತ. ಸಂಶಯದ ಮೇಲೆ ಹಿಡಿದವನಿಗೆ ಪೊಲೀಸರು ಓದಿ ಹೇಳಿದ್ದು ಅದೇ ‘ಮಿರಾಂಡಾ ಹಕ್ಕು’ಗಳನ್ನು. ಆ ಕೊಲೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ.

● ಸುಮ್ಮನಿರುವ ಹಕ್ಕು ಬೇಕೆಂದರೆ ಬಾಯಿ ಬಿಡಬೇಕು! 2010ರ ತೀರ್ಪಿನ ಪ್ರಕಾರ, ಎಚ್ಚರಿಕೆ ಕೇಳಿಸಿಕೊಂಡ ಆರೋಪಿ ತಾನು ಮಾತಾಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳದೆ ಬರೀ ಸುಮ್ಮನೆ ಕೂತರೆ ವಿಚಾರಣೆ ನಿಲ್ಲಿಸಬೇಕಿಲ್ಲ. 2013ರಲ್ಲಿ ಟೆಕ್ಸಸ್ ಕೇಸೊಂದು ಇನ್ನೂ ಮುಂದೆ ಹೋಯಿತು. ಬಂಧನವಿಲ್ಲದೆ, ತಾನಾಗಿ ಠಾಣೆಗೆ ಬಂದು ಉತ್ತರ ಕೊಡುತ್ತಿದ್ದವನು ಬಂದೂಕಿನ ಬಗ್ಗೆ ಕೇಳಿದಾಗ ಮಾತ್ರ ತುಟಿ ಕಚ್ಚಿ ಕೂತ. ಆ ಮೌನವನ್ನು ಅವನ ವಿರುದ್ಧವೇ ಬಳಸಿದ್ದು ಸರಿ ಎಂದಿತು ಕೋರ್ಟು. ಹಕ್ಕು ಇದೆ ಎಂದು ತಿಳಿದಿದ್ದರೆ ಸಾಲದು, ಅದನ್ನು ಹೇಳಿಕೊಳ್ಳುವ ಕ್ರಮವೂ ಗೊತ್ತಿರಬೇಕು ಎಂಬ ಈ ವಾದ ನನಗಂತೂ ರುಚಿಸಿಲ್ಲ. ಠಾಣೆಯಲ್ಲಿ ಬೆವರುತ್ತ ಕೂತವನಿಗೆ ವ್ಯಾಕರಣ ಎಲ್ಲಿಂದ ಹೊಳೆಯಬೇಕು?

ನಮ್ಮಲ್ಲಿ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬಂತು. ಒಂದು ಕಾಲಕ್ಕೆ ನಾರ್ಕೋ ಪರೀಕ್ಷೆ ಅಂದರೆ ಬೆಂಗಳೂರಿನ ಫೊರೆನ್ಸಿಕ್ ಲ್ಯಾಬು ಅನ್ನುವ ಹಾಗಿತ್ತು. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ 2010ರ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟು, ಒಪ್ಪಿಗೆ ಇಲ್ಲದೆ ಸೂಜಿ ಚುಚ್ಚಿ ಬಾಯಿ ಬಿಡಿಸುವಂತಿಲ್ಲ ಎಂದಿತು. ಆ ತೀರ್ಪಿನಲ್ಲಿ ಅಮೆರಿಕದ ಕೇಸುಗಳ ಚರ್ಚೆ ಪುಟಗಟ್ಟಲೆ ಇದೆ.

● ಇನ್ನು ‘ನನ್ನ ಲಾಯರ್ ಎಲ್ಲಿ’ ಅನ್ನುವ ಮಾತು. ಇದರ ಹಿಂದಿನ ಕತೆ ನನಗೆ ಈ ಪಟ್ಟಿಯಲ್ಲೇ ಅತಿ ಪ್ರಿಯವಾದದ್ದು. 1961ರಲ್ಲಿ ಫ್ಲೋರಿಡಾದ ಪನಾಮ ಸಿಟಿಯಲ್ಲಿ ಬಿಲಿಯರ್ಡ್ಸ್ ಆಡುವ ಅಂಗಡಿಯೊಂದರ ಬೀಗ ಒಡೆದು ಸಿಗರೇಟು ಮೆಷಿನ್ನಿನ ಚಿಲ್ಲರೆ, ಒಂದಿಷ್ಟು ಬಿಯರು ಕದ್ದ ಆರೋಪ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಮೇಲೆ ಬಂತು. ವಯಸ್ಸು ಐವತ್ತು, ಜೇಬು ಖಾಲಿ, ಹಿಂದೆ ಜೈಲು ಕಂಡವನೇ. ನನಗೊಬ್ಬ ವಕೀಲನನ್ನು ಕೊಡಿ ಎಂದು ಜಡ್ಜರನ್ನು ಕೇಳಿದ. ಮರಣದಂಡನೆಯ ಕೇಸಾದರೆ ಮಾತ್ರ ಕೊಡಬಹುದು ಎಂದರು ಜಡ್ಜರು. ವಕೀಲನನ್ನು ಪಡೆಯುವ ಹಕ್ಕು ತನಗುಂಟೆಂದು ಸುಪ್ರೀಂ ಕೋರ್ಟೇ ಹೇಳಿದೆಯಲ್ಲ ಎಂದ ಗಿಡಿಯನ್. ಆ ಹೊತ್ತಿಗೆ ಅದು ತಪ್ಪು. ಕೋರ್ಟು ಹಾಗೇನೂ ಹೇಳಿರಲಿಲ್ಲ. ತನ್ನ ವಾದ ತಾನೇ ಮಾಡಿಕೊಂಡ, ಸೋತ, ಐದು ವರ್ಷ ಜೈಲು.

ಜೈಲಿನಲ್ಲಿ ಕೂತು, ಜೈಲಿನದೇ ಕಾಗದದ ಮೇಲೆ, ಪೆನ್ಸಿಲ್ಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. ಕೋರ್ಟು ಅದನ್ನು ಎತ್ತಿಕೊಂಡದ್ದಷ್ಟೇ ಅಲ್ಲ, ಅವನ ಪರ ವಾದಿಸಲು ವಾಷಿಂಗ್ಟನ್ನಿನ ಹೆಸರಾಂತ ವಕೀಲ ಏಬ್ ಫೋರ್ಟಾಸರನ್ನು ನೇಮಿಸಿತು. ಫ್ಲೋರಿಡಾ ತನ್ನ ಬೆಂಬಲಕ್ಕೆ ಬನ್ನಿ ಎಂದು ಉಳಿದ ರಾಜ್ಯಗಳಿಗೆ ಬರೆದರೆ, 22 ರಾಜ್ಯಗಳು ಗಿಡಿಯನ್ ಕಡೆ ನಿಂತವು! 1963ರ ಮಾರ್ಚ್ 18ರಂದು ಒಂಬತ್ತೂ ಮಂದಿ ಒಂದೇ ದನಿಯಲ್ಲಿ, ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ವಕೀಲನನ್ನು ಕೊಡಬೇಕು ಎಂದರು. ಅಂದು ಕೋರ್ಟಿನಲ್ಲಿ ಅವನು ತಪ್ಪಾಗಿ ಆಡಿದ್ದ ಮಾತು ಎರಡು ವರ್ಷದಲ್ಲಿ ಅವನ ಹೆಸರಿನಲ್ಲೇ ಕಾನೂನಾಯಿತು. ಮರುವಿಚಾರಣೆಗೆ ವಕೀಲರು ಬಂದರು, ಸಾಕ್ಷಿಯನ್ನು ಪಾಟೀ ಸವಾಲಿನಲ್ಲಿ ಬಿಡಿಸಿ ಹಾಕಿದರು. ಜ್ಯೂರಿ ಒಂದು ಗಂಟೆಯಲ್ಲಿ ನಿರ್ದೋಷಿ ಅಂದಿತು.

● 1957ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಒಂದು ಮನೆಗೆ ಬಾಂಬು ಬಿತ್ತು. ಮನೆ ಮುಂದೆ ಬಾಕ್ಸಿಂಗ್ ಪಂದ್ಯಗಳ ದೊಡ್ಡ ಕುಳವಾದ ಡಾನ್ ಕಿಂಗ್‌ನದು. ಆರೋಪಿ ಡಾಲ್ರೀ ಮ್ಯಾಪ್ ಎಂಬಾಕೆಯ ಮನೆಯಲ್ಲಿ ಅಡಗಿದ್ದಾನೆಂದು ಪೊಲೀಸರು ಹೋದರು. ವಾರಂಟು ಎಲ್ಲಿ ಎಂದಳು. ಒಂದು ಕಾಗದ ತೋರಿಸಿದರು. ಆಕೆ ಅದನ್ನು ಕಿತ್ತುಕೊಂಡು ರವಿಕೆಯೊಳಗೆ ಸಿಕ್ಕಿಸಿಕೊಂಡಳು. ಪೊಲೀಸರು ಕಸಿದು ವಾಪಸು ತೆಗೆದುಕೊಂಡರು, ಕೈಕೋಳ ಹಾಕಿದರು, ಮನೆಯನ್ನು ತಲೆಕೆಳಗು ಮಾಡಿ ಹುಡುಕಿ ಟ್ರಂಕಿನಲ್ಲಿ ಕೆಲವು ಅಶ್ಲೀಲ ಪುಸ್ತಕ ಸಿಕ್ಕವೆಂದು ಕೇಸು ಜಡಿದರು. ಆ ‘ವಾರಂಟು’ ಕೋರ್ಟಿನಲ್ಲಿ ಕೊನೆಗೂ ಕಾಣಿಸಲೇ ಇಲ್ಲ. ಅಕ್ರಮ ಶೋಧದಲ್ಲಿ ಸಿಕ್ಕ ಸಾಕ್ಷ್ಯ ರಾಜ್ಯಗಳ ಕೋರ್ಟುಗಳಲ್ಲೂ ನಡೆಯದು ಎಂಬ 1961ರ ತೀರ್ಪು ಬಂದದ್ದು ಈಕೆಯಿಂದ.

● ಮನೆಯೊಳಗೆ ಕಾಲಿಡದೆಯೂ ಶೋಧ ಆಗಬಹುದೇ? ಆಗಬಹುದು. ಆರಿಗನ್‌ನ ಡ್ಯಾನಿ ಕೈಲೋ ಮನೆಯಲ್ಲಿ ದೀಪದ ಶಾಖದಡಿ ಗಾಂಜಾ ಬೆಳೆಸುತ್ತಿದ್ದ. ಪೊಲೀಸರು ರಸ್ತೆಯಲ್ಲಿ ಕಾರಿನಲ್ಲಿ ಕೂತು, ಶಾಖ ಅಳೆಯುವ ಕ್ಯಾಮರಾ ಹಿಡಿದು ಯಾವ ಗೋಡೆ ಬೆಚ್ಚಗಿದೆ ನೋಡಿದರು. ಅದಕ್ಕೂ ವಾರಂಟು ಬೇಕು ಎಂದಿತು 2001ರ ತೀರ್ಪು. ಬರೆದವರು ಸಂಪ್ರದಾಯವಾದಿ ಎನಿಸಿಕೊಂಡ ನ್ಯಾಯಮೂರ್ತಿ ಸ್ಕಾಲಿಯಾ. ಮನೆಯೊಡತಿ ಎಷ್ಟು ಹೊತ್ತಿಗೆ ಬಿಸಿನೀರು ಸ್ನಾನ ಮಾಡುತ್ತಾಳೆ ಎಂಬುದೂ ಆ ಯಂತ್ರಕ್ಕೆ ತಿಳಿದುಬಿಡುತ್ತದಲ್ಲ ಎಂಬುದು ಅವರ ಆತಂಕ.

● ಬಂಧಿಸಿದವನ ಜೇಬು ತಡಕಲು ವಾರಂಟು ಬೇಡ. ಜೇಬಿನಲ್ಲಿ ಸಿಕ್ಕ ಮೊಬೈಲಿನ ಒಳಗೆ ಇಣುಕಲು ಬೇಕು. ಇದು 2014ರ ತೀರ್ಪು, 9–0. ಆದರೆ ಅಮೆರಿಕಕ್ಕೆ ಮಗನನ್ನೋ ಮಗಳನ್ನೋ ನೋಡಲು ಹೋಗುವ ನಮ್ಮವರು ಇದನ್ನು ನಂಬಿ ವಿಮಾನ ನಿಲ್ದಾಣದಲ್ಲಿ ವಾದಕ್ಕೆ ನಿಲ್ಲಬಾರದು. ಗಡಿಯಲ್ಲಿ, ಅಂದರೆ ಇಮಿಗ್ರೇಷನ್ ಕೌಂಟರಿನಲ್ಲೂ, ನಿಯಮ ಬೇರೆ. ಅಧಿಕಾರಿಗಳು ವಾರಂಟಿಲ್ಲದೆ ಫೋನು ನೋಡುತ್ತಾರೆ. ಅನ್‌ಲಾಕ್ ಮಾಡುವುದಿಲ್ಲ ಎಂದರೆ ಅಮೆರಿಕದ ಪ್ರಜೆಯ ಫೋನನ್ನು ಇಟ್ಟುಕೊಳ್ಳಬಹುದು, ಅವನನ್ನು ಒಳಗೆ ಬಿಡಲೇಬೇಕು. ವೀಸಾದ ಮೇಲೆ ಹೋದವರನ್ನು ಬಂದ ದಾರಿಯಲ್ಲೇ ಕಳಿಸಬಹುದು.

● 1942ರಲ್ಲಿ, ಮಹಾಯುದ್ಧ ಕುದಿಯುತ್ತಿರುವಾಗ, ವೆಸ್ಟ್ ವರ್ಜೀನಿಯಾದ ಇಬ್ಬರು ಪುಟ್ಟ ಅಕ್ಕತಂಗಿಯರು ಸ್ಕೂಲಿನಲ್ಲಿ ಬಾವುಟಕ್ಕೆ ಸೆಲ್ಯೂಟ್ ಹೊಡೆಯಲಿಲ್ಲ. ಅವರದು ‘ಯೆಹೋವನ ಸಾಕ್ಷಿಗಳು’ ಪಂಥ. ದೇವರೊಬ್ಬನಿಗಲ್ಲದೆ ಬೇರೆ ಯಾವುದಕ್ಕೂ ವಂದಿಸುವಂತಿಲ್ಲ. ಇಂಥದೇ ಕೇಸಿನಲ್ಲಿ ಮೂರು ವರ್ಷ ಹಿಂದಷ್ಟೇ ಮಕ್ಕಳ ವಿರುದ್ಧ ತೀರ್ಪು ಕೊಟ್ಟಿದ್ದ ಸುಪ್ರೀಂ ಕೋರ್ಟು 1943ರಲ್ಲಿ ತಿರುಗಿಬಿತ್ತು. ದೇಶಭಕ್ತಿಯನ್ನು ಬಲವಂತದಿಂದ ಬಾಯಲ್ಲಿ ಹೇಳಿಸುವಂತಿಲ್ಲ ಎಂದಿತು. ತೀರ್ಪು ಹೊರಬಿದ್ದದ್ದು ಜೂನ್ 14ರಂದು, ಅವರ ಧ್ವಜ ದಿನದಂದೇ. ಇನ್ನೊಂದು ತಮಾಷೆ: ಕೋರ್ಟಿನ ಗುಮಾಸ್ತರ ಕೈತಪ್ಪಿನಿಂದ ಬಾರ್ನೆಟ್ ಕುಟುಂಬದ ಹೆಸರಿನ ಕೊನೆಗೆ ಒಂದಕ್ಷರ ಹೆಚ್ಚಾಗಿ, ಕಾನೂನು ಪುಸ್ತಕಗಳಲ್ಲಿ ಇಂದಿಗೂ ಹಾಗೇ ಉಳಿದಿದೆ. ಅದೇ ಪಂಥದ ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆ ಹಾಡದೆ ಎದ್ದು ನಿಂತದ್ದಕ್ಕೆ ಸ್ಕೂಲಿನಿಂದ ಹೊರಹಾಕಿದಾಗ ನಮ್ಮ ಸುಪ್ರೀಂ ಕೋರ್ಟು ಮಕ್ಕಳ ಪರ ನಿಂತದ್ದು 1986ರಲ್ಲಿ.

● ಆ 1943ರ ತೀರ್ಪಿಗೆ ಭಿನ್ನಮತ ಬರೆದವರು ಫೆಲಿಕ್ಸ್ ಫ್ರಾಂಕ್‌ಫರ್ಟರ್. ಚುನಾಯಿತ ಸಭೆಗಳು ಮಾಡಿದ ಕಾನೂನಿನಲ್ಲಿ ಜಡ್ಜರು ಕೈಯಾಡಿಸಬಾರದು ಎಂಬುದು ಅವರ ಗಟ್ಟಿ ನಿಲುವು. ಈ ಹೆಸರು ನೆನಪಿಡಿ, ಏಕೆಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಹೇಳುವ ನಮ್ಮ ಸಂವಿಧಾನದ 21ನೇ ವಿಧಿಯಲ್ಲಿ ಇವರ ನೆರಳಿದೆ. 1947ರಲ್ಲಿ ನಮ್ಮ ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್ ಅಮೆರಿಕಕ್ಕೆ ಹೋಗಿ ಅಲ್ಲಿನ ಜಡ್ಜರನ್ನು ಕಂಡು ಮಾತಾಡಿಸಿದರು. ರಾಯರು ಹುಟ್ಟಿದ್ದು ಮಂಗಳೂರಿನಲ್ಲಿ. ಅಮೆರಿಕದ ಐದನೇ ಮತ್ತು 14ನೇ ತಿದ್ದುಪಡಿಯಲ್ಲಿರುವ ‘ಡ್ಯೂ ಪ್ರೊಸೆಸ್’ (ನ್ಯಾಯಬದ್ಧ ಪ್ರಕ್ರಿಯೆ) ಎಂಬ ಮಾತನ್ನು ಮಾತ್ರ ಸೇರಿಸಿಕೊಳ್ಳಬೇಡಿ, ಅದು ಜಡ್ಜರ ಕೈಗೆ ವಿಪರೀತ ಅಧಿಕಾರ ಕೊಡುತ್ತದೆ ಎಂದು ಸಲಹೆ ಕೊಟ್ಟವರು ಫ್ರಾಂಕ್‌ಫರ್ಟರ್. ಹಾಗಾಗಿ ನಮ್ಮಲ್ಲಿ ‘ಕಾನೂನು ವಿಧಿಸಿದ ಪ್ರಕ್ರಿಯೆ’ ಎಂಬ ಸಪ್ಪೆ ಮಾತು ಬಂತು. ಮುಂಬಾಗಿಲಲ್ಲಿ ತಡೆದದ್ದನ್ನು ಮೇನಕಾ ಗಾಂಧಿ ಪಾಸ್‌ಪೋರ್ಟ್ ಕೇಸಿನಲ್ಲಿ, 1978ರಲ್ಲಿ, ನಮ್ಮ ಜಡ್ಜರು ಹಿತ್ತಿಲ ಬಾಗಿಲಿನಿಂದ ಕರೆದುಕೊಂಡರು: ಪ್ರಕ್ರಿಯೆ ಅಂದರೆ ಸಾಲದು, ಅದು ನ್ಯಾಯವಾದ ಪ್ರಕ್ರಿಯೆಯೇ ಆಗಿರಬೇಕು ಎಂದರು.

● 1965ರಲ್ಲಿ ಹದಿಮೂರು ವರ್ಷದ ಮೇರಿ ಬೆತ್ ಟಿಂಕರ್ ವಿಯೆಟ್ನಾಂ ಯುದ್ಧ ವಿರೋಧಿಸಿ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಸ್ಕೂಲಿಗೆ ಹೋಗಿ ಅಮಾನತಾದಳು. ನಾಲ್ಕು ವರ್ಷದ ನಂತರ ಗೆದ್ದಳು, 7–2.

● ಮಾತಿನ ಸ್ವಾತಂತ್ರ್ಯಕ್ಕೆ ಅತಿ ಕಹಿ ಪರೀಕ್ಷೆ ಬಂದದ್ದು 1977ರಲ್ಲಿ. ಶಿಕಾಗೋ ಪಕ್ಕದ ಸ್ಕೋಕಿ ಎಂಬ ಊರು. ಹಿಟ್ಲರನ ಶಿಬಿರಗಳಿಂದ ಬದುಕಿ ಬಂದ ಯಹೂದಿಗಳು ಬಹಳ ಇದ್ದರು. ಅಲ್ಲೇ ಮೆರವಣಿಗೆ ಮಾಡುತ್ತೇವೆಂದು ನಾಜಿ ಬಣವೊಂದು ಹೊರಟಿತು. ಊರವರು ತಡೆದರು. ನಾಜಿಗಳ ಹಕ್ಕಿಗಾಗಿ ವಾದಿಸಿದ ವಕೀಲ ಡೇವಿಡ್ ಗೋಲ್ಡ್‌ಬರ್ಗರ್ ಸ್ವತಃ ಯಹೂದಿ. ನಾಗರಿಕ ಸ್ವಾತಂತ್ರ್ಯಕ್ಕಾಗಿ ಹೋರಾಡುವ ಅವರ ಸಂಸ್ಥೆ ಎಸಿಎಲ್‌ಯುಗೆ ಸಾವಿರಾರು ಸದಸ್ಯರು ರಾಜೀನಾಮೆ ಎಸೆದರು. ಕೇಸು ಗೆದ್ದಮೇಲೆ ನಾಜಿಗಳು ಸ್ಕೋಕಿಗೆ ಹೋಗಲೇ ಇಲ್ಲ, ಶಿಕಾಗೋದಲ್ಲಿ ಮೆರವಣಿಗೆ ಮಾಡಿ ಮುಗಿಸಿದರು.

● ಆದರೆ ಒಂದು ಮಾತು. ಇದೆಲ್ಲ ಸರ್ಕಾರದ ವಿರುದ್ಧದ ರಕ್ಷಣೆ. ಖಾಸಗಿ ಕಂಪನಿ ನಿಮ್ಮ ಫೇಸ್‌ಬುಕ್ ಪೋಸ್ಟು ಹಿಡಿಸದೆ ಕೆಲಸದಿಂದ ತೆಗೆದರೆ ಮೊದಲನೇ ತಿದ್ದುಪಡಿ ಕಣ್ಣೆತ್ತಿಯೂ ನೋಡುವುದಿಲ್ಲ. ಅಲ್ಲಿ ಯಾವ ಕಾರಣಕ್ಕಾದರೂ, ಕಾರಣವೇ ಇಲ್ಲದೆಯೂ, ಮನೆಗೆ ಕಳಿಸಬಹುದು ಎಂಬುದೇ ಸಾಮಾನ್ಯ ನಿಯಮ. ಜನಾಂಗ, ಧರ್ಮ, ಲಿಂಗ, ಮೂಲದೇಶದ ನೆಪದಲ್ಲಿ ಕಳಿಸುವಂತಿಲ್ಲ. ಆ ರಕ್ಷಣೆ ಸಂವಿಧಾನದ್ದಲ್ಲ, 1964ರ ನಾಗರಿಕ ಹಕ್ಕು ಕಾಯ್ದೆಯದು. ಪ್ರೊಬೇಷನ್ ಮುಗಿದ ನೌಕರನನ್ನು ಕಾರಣ ಕೊಡದೆ ತೆಗೆಯುವಂತಿಲ್ಲ ಎಂಬ ಕಾಯ್ದೆ ಇರುವ ರಾಜ್ಯ ಒಂದೇ: ಮೊಂಟಾನಾ. ಸಿಲಿಕಾನ್ ವ್ಯಾಲಿಯ ನಮ್ಮ ಹುಡುಗರು ಅಲ್ಲಿಗೆ ಹೋಗುವುದು ರಜೆಗೆ ಮಾತ್ರ.

● ಮೂರನೇ ತಿದ್ದುಪಡಿ ಏನು ಗೊತ್ತೇ? ಶಾಂತಿಕಾಲದಲ್ಲಿ ಮನೆಯವರ ಒಪ್ಪಿಗೆ ಇಲ್ಲದೆ ಸೈನಿಕರನ್ನು ತಂದು ಮನೆಯಲ್ಲಿ ಇಳಿಸುವಂತಿಲ್ಲ. ಬ್ರಿಟಿಷರ ಕಾಲದ ಕೋಪ. ಇದರ ಮೇಲೆ ಗಂಭೀರವಾಗಿ ನಡೆದ ಕೇಸು ಬೆರಳೆಣಿಕೆಗೂ ಇಲ್ಲ. ಇದ್ದುದರಲ್ಲಿ ಹೆಸರಾದದ್ದು ನ್ಯೂಯಾರ್ಕಿನ ಜೈಲು ಸಿಬ್ಬಂದಿಯದು: 1979ರಲ್ಲಿ ಅವರು ಮುಷ್ಕರ ಹೂಡಿದಾಗ ಸರ್ಕಾರ ಅವರ ಕ್ವಾರ್ಟರ್ಸಿನಲ್ಲೇ ನ್ಯಾಷನಲ್ ಗಾರ್ಡ್ ಪಡೆಯನ್ನು ಉಳಿಸಿತ್ತು.

● ಏಳನೇ ತಿದ್ದುಪಡಿ ಪ್ರಕಾರ ಫೆಡರಲ್ ಕೋರ್ಟಿನ ಸಿವಿಲ್ ದಾವೆಯಲ್ಲಿ ಮೊತ್ತ 20 ಡಾಲರ್ ದಾಟಿದರೆ ಜ್ಯೂರಿ ಕೇಳಬಹುದು. 1791ರ ಇಪ್ಪತ್ತು ಡಾಲರ್. ಯಾರೂ ಇನ್ನೂ ತಿದ್ದಿಲ್ಲ.

● ಜ್ಯೂರಿ ಅಂದರೆ ಹನ್ನೆರಡು ಮಂದಿ ಒಮ್ಮತ ಎಂದು ಸಿನಿಮಾ ಹೇಳುತ್ತದೆ. ಲೂಯಿಸಿಯಾನಾ, ಆರಿಗನ್ ರಾಜ್ಯಗಳಲ್ಲಿ ಹತ್ತು ಮಂದಿ ಒಪ್ಪಿದರೂ ಜೈಲಿಗೆ ಕಳಿಸುವ ಪದ್ಧತಿ ತೀರಾ ಈಚಿನವರೆಗೆ ಇತ್ತು. ಕರಿಯ ಜ್ಯೂರಿ ಸದಸ್ಯರ ಮತವನ್ನು ಲೆಕ್ಕಕ್ಕಿಲ್ಲದಂತೆ ಮಾಡಲು ಲೂಯಿಸಿಯಾನಾ ಹೂಡಿದ ಉಪಾಯದ ಬೇರು 1898ರದು. ಸುಪ್ರೀಂ ಕೋರ್ಟು ಈ ಪದ್ಧತಿಯನ್ನೇ ಅಳಿಸಿಹಾಕಿದ್ದು 2020ರಲ್ಲಿ.

● ಅಮೆರಿಕದ ಸಂವಿಧಾನದಲ್ಲಿ ಏನು ಇಲ್ಲ? ಶಿಕ್ಷಣದ ಹಕ್ಕು ಇಲ್ಲ. 1973ರಲ್ಲಿ ಟೆಕ್ಸಸ್ಸಿನ ಬಡ ಬಡಾವಣೆಯ ಪೋಷಕರು ಕೇಳಿ, 5–4ರಲ್ಲಿ ಸೋತರು. ನಮ್ಮಲ್ಲಿ ಆ ಹಕ್ಕಿಗೆ ದಾರಿ ತೆರೆದದ್ದು ಮೆಡಿಕಲ್ ಸೀಟಿನ ಕ್ಯಾಪಿಟೇಷನ್ ಶುಲ್ಕ ಕುರಿತ 1992ರ ಮೋಹಿನಿ ಜೈನ್ ಕೇಸು, ಎದುರುಪಕ್ಷ ಕರ್ನಾಟಕ ಸರ್ಕಾರ. ಪೊಲೀಸರು ಬಂದು ಕಾಪಾಡಲೇಬೇಕೆಂಬ ಹಕ್ಕೂ ಅಲ್ಲಿಲ್ಲ. ಗಂಡನ ವಿರುದ್ಧ ಕೋರ್ಟಿನ ಆದೇಶ ಕೈಯಲ್ಲಿ ಹಿಡಿದು ತಾಯಿಯೊಬ್ಬಳು ರಾತ್ರಿಯಿಡೀ ಠಾಣೆಗೆ ಫೋನು ಮಾಡಿದರೂ ಅವರು ಕದಲಲಿಲ್ಲ, ಮೂವರು ಹೆಣ್ಣುಮಕ್ಕಳ ಕೊಲೆಯಾಯಿತು. 2005ರಲ್ಲಿ ಸುಪ್ರೀಂ ಕೋರ್ಟು ಆಕೆಯ ಕೇಸನ್ನು ವಜಾ ಮಾಡಿತು. ನಾನು ಓದಿದ ತೀರ್ಪುಗಳಲ್ಲಿ ಮತ್ತೆ ತೆರೆಯಲು ಮನಸ್ಸಾಗದ್ದು ಇದೊಂದೇ.

● ‘ಖಾಸಗಿತನ’ ಎಂಬ ಪದವೂ ಅಲ್ಲಿಲ್ಲ. ಗರ್ಭನಿರೋಧಕ ಬಳಸುವುದು ಅಪರಾಧ ಎಂದಿದ್ದ ಕನೆಕ್ಟಿಕಟ್ ಕಾಯ್ದೆಯನ್ನು ಹೊಡೆದು ಹಾಕುವಾಗ, 1965ರಲ್ಲಿ, ಜಡ್ಜರು ಬೇರೆ ಹಕ್ಕುಗಳ ನೆರಳಿನಲ್ಲಿ ಅದನ್ನು ಕಂಡುಕೊಂಡರು. ಅದರ ಮೇಲೆ ಕಟ್ಟಿದ್ದು 1973ರ ಗರ್ಭಪಾತದ ಹಕ್ಕು. 2022ರಲ್ಲಿ ಅದೇ ಕೋರ್ಟು ಅದನ್ನು ಕೆಡವಿತು. ಭಾರತದಲ್ಲಿ ಖಾಸಗಿತನದ ಹಕ್ಕನ್ನು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಒಪ್ಪಿದ ಕೇಸಿನ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

● 1958ರ ಜುಲೈನಲ್ಲಿ ವರ್ಜೀನಿಯಾದ ಶೆರಿಫ್ ನಡುರಾತ್ರಿ ಒಂದು ಮಲಗುವ ಕೋಣೆಗೆ ನುಗ್ಗಿ ಟಾರ್ಚು ಬಿಟ್ಟ. ಮಲಗಿದ್ದವರು ಬಿಳಿಯ ರಿಚರ್ಡ್ ಲವಿಂಗ್, ಅವನ ಕಪ್ಪು ಹೆಂಡತಿ ಮಿಲ್ಡ್ರೆಡ್. ಗೋಡೆಗೆ ತೂಗುಹಾಕಿದ್ದ ಮದುವೆ ಸರ್ಟಿಫಿಕೇಟು ತೋರಿಸಿದರು. ಅದು ಇಲ್ಲಿ ನಡೆಯುವುದಿಲ್ಲ ಎಂದ ಶೆರಿಫ್. ಇಪ್ಪತ್ತೈದು ವರ್ಷ ಜೊತೆಯಾಗಿ ರಾಜ್ಯದೊಳಗೆ ಕಾಲಿಡಬಾರದೆಂಬ ಷರತ್ತಿನ ಮೇಲೆ ಜೈಲು ತಪ್ಪಿತು. ವಾಷಿಂಗ್ಟನ್ನಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬೇಸತ್ತ ಮಿಲ್ಡ್ರೆಡ್ 1963ರಲ್ಲಿ ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೆ ಪತ್ರ ಬರೆದಳು. ಅವರು ಎಸಿಎಲ್‌ಯು ಕಡೆ ಕೈ ತೋರಿಸಿದರು. 1967ರ ಜೂನ್ 12ರಂದು 9–0ರಲ್ಲಿ ಜಯ. ಆ ದಿನಕ್ಕೂ 16 ರಾಜ್ಯಗಳಲ್ಲಿ ಬಿಳಿಯರು ಕರಿಯರನ್ನು ಮದುವೆಯಾಗುವುದನ್ನು ನಿಷೇಧಿಸುವ ಕಾಯ್ದೆ ಇತ್ತು. ಅಲಬಾಮಾ ತನ್ನ ರಾಜ್ಯ ಸಂವಿಧಾನದಿಂದ ಆ ಸಾಲನ್ನು ಕಿತ್ತದ್ದು 2000ದಲ್ಲಿ, ಅದೂ ಜನಮತ ಕೇಳಿ. ಹತ್ತರಲ್ಲಿ ನಾಲ್ವರು ಇರಲಿ ಬಿಡಿ ಎಂದೇ ಓಟು ಹಾಕಿದ್ದರು.

● ಈ ಹಕ್ಕುಗಳೆಲ್ಲ ಪ್ರಜೆಗಳಿಗೆ ಮಾತ್ರವೇ? ಅಲ್ಲ. ಬಹುತೇಕ ಹಕ್ಕುಗಳು ಅಮೆರಿಕದ ನೆಲದಲ್ಲಿರುವ ‘ವ್ಯಕ್ತಿ’ಗೆ ಸೇರಿದ್ದು; ಮತದಾನ, ಜ್ಯೂರಿ, ಫೆಡರಲ್ ಚುನಾವಣೆಗೆ ನಿಲ್ಲುವುದು, ಪಾಸ್‌ಪೋರ್ಟು ಪ್ರಜೆಗಳ ಪಾಲಿಗೆ. ಇದನ್ನು ಸಾಧಿಸಿಕೊಟ್ಟವರು ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ದೋಬಿಗಳು. ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ಪರವಾನಗಿ ಬೇಕೆಂದು ನಗರಸಭೆ ಕಾನೂನು ಮಾಡಿತು. ಚೀನೀಯರ ಸುಮಾರು 200 ಅರ್ಜಿ ತಿರಸ್ಕಾರ, ಉಳಿದವರ ಸುಮಾರು 80ರಲ್ಲಿ ಒಂದು ಬಿಟ್ಟು ಎಲ್ಲ ಮಂಜೂರು. ಕಾನೂನಿನ ಭಾಷೆ ಎಷ್ಟೇ ಶುದ್ಧವಿರಲಿ, ಜಾರಿ ಮಾಡುವ ಕೈ ಭೇದ ಮಾಡಿದರೆ ಅದು ಸಮಾನತೆಯ ಭಂಗ ಎಂದಿತು ಕೋರ್ಟು, 1886ರಲ್ಲೇ.

● ಅದೇ ಊರಿನಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್‌ನಿಂದ, ಅಮೆರಿಕದಲ್ಲಿ ಹುಟ್ಟಿದ ಮಗು ಅಮೆರಿಕದ ಪ್ರಜೆ ಎಂಬುದು 1898ರಲ್ಲಿ ಗಟ್ಟಿಯಾಯಿತು. ಎಚ್-1ಬಿ ವೀಸಾದಂಥ ತಾತ್ಕಾಲಿಕ ವಾಸದವರ ಮಕ್ಕಳಿಗೆ ಇದನ್ನು ತಪ್ಪಿಸುವ ಆದೇಶಕ್ಕೆ 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದಾಗ ಅಲ್ಲಿನ ಕನ್ನಡ ಮನೆಗಳಲ್ಲೂ ನಿದ್ದೆ ಕೆಟ್ಟಿತು. ಕೆಳ ಕೋರ್ಟುಗಳು ತಡೆ ಕೊಟ್ಟವು, ಜಗಳ ಸುಪ್ರೀಂ ಕೋರ್ಟು ತಲುಪಿತು.

● ಭಾರತೀಯರು ಅಮೆರಿಕದ ಪ್ರಜೆಯಾಗುವಂತೆಯೇ ಇರಲಿಲ್ಲ ಎಂಬುದು ಗೊತ್ತೇ? ಪಂಜಾಬಿನ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ದುಡಿದವರು. ಪೌರತ್ವ ‘ಬಿಳಿಯರಿಗೆ’ ಮತ್ತು ಆಫ್ರಿಕನ್ ಮೂಲದವರಿಗೆ ಎಂದಿದ್ದ ಕಾಲ. ಜಪಾನೀಯನೊಬ್ಬನ ಕೇಸಿನಲ್ಲಿ, ಬಿಳಿಯ ಅಂದರೆ ಕಕೇಷಿಯನ್ ಎಂದು ಸುಪ್ರೀಂ ಕೋರ್ಟು ಹೇಳಿ ಮೂರು ತಿಂಗಳಾಗಿತ್ತು. ತಾನು ಆರ್ಯ, ಆದ್ದರಿಂದ ಕಕೇಷಿಯನ್ ಎಂದರು ಥಿಂಡ್. 1923ರಲ್ಲಿ ಅದೇ ಕೋರ್ಟು, ಶಾಸ್ತ್ರ ಏನಾದರೂ ಹೇಳಲಿ, ಬೀದಿಯ ಮನುಷ್ಯ ನಿಮ್ಮನ್ನು ಬಿಳಿಯ ಅನ್ನುವುದಿಲ್ಲ ಎಂದುಬಿಟ್ಟಿತು. ಮೇಲ್ಜಾತಿಯ ಹೆಮ್ಮೆಯನ್ನು ಹೊತ್ತು ಬಿಳಿಯರ ಸಾಲಿನಲ್ಲಿ ನಿಲ್ಲಲು ಹೋದ ಆ ವಾದಕ್ಕೆ ಸಿಕ್ಕ ಉತ್ತರ ಅದು. ಆಗಲೇ ಪ್ರಜೆಗಳಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು. ಬಾಗಿಲು ಕೊಂಚ ತೆರೆದದ್ದು 1946ರಲ್ಲಿ, ವರ್ಷಕ್ಕೆ 100 ಮಂದಿಯಂತೆ.

● ಹೆಂಗಸರ ಮತದ ಹಕ್ಕು ನಿಂತದ್ದು ಒಂದು ಪತ್ರದ ಮೇಲೆ. 1920ರ ಆಗಸ್ಟ್ 18, ಟೆನೆಸೀ ಶಾಸನಸಭೆ, 19ನೇ ತಿದ್ದುಪಡಿಗೆ ಬೇಕಿದ್ದ ಕೊನೆಯ ರಾಜ್ಯ. ಇಪ್ಪತ್ನಾಲ್ಕರ ಹ್ಯಾರಿ ಬರ್ನ್ ಕೋಟಿಗೆ ವಿರೋಧಿಗಳ ಕೆಂಪು ಗುಲಾಬಿ ಸಿಕ್ಕಿಸಿಕೊಂಡು ಬಂದಿದ್ದ. ಜೇಬಿನಲ್ಲಿ ಅಮ್ಮನ ಪತ್ರ: ಹೆಂಗಸರ ಪರ ಓಟು ಹಾಕು. ಹಾಕಿದ. ಮಿಸಿಸಿಪ್ಪಿ ಇದನ್ನು ಒಪ್ಪಿದ್ದು 1984ರಲ್ಲಿ.

● ಮಿಸಿಸಿಪ್ಪಿಯ ನಿಧಾನಕ್ಕೆ ಇದೇನೂ ದಾಖಲೆಯಲ್ಲ. ಗುಲಾಮಗಿರಿಯನ್ನು ರದ್ದು ಮಾಡಿದ 13ನೇ ತಿದ್ದುಪಡಿ 1865ರಲ್ಲಿ ಜಾರಿಗೆ ಬಂತು. ಮಿಸಿಸಿಪ್ಪಿ ಅದನ್ನು ಒಪ್ಪಿದ್ದು 1995ರಲ್ಲಿ. ಒಪ್ಪಿದ ಮೇಲೆ ವಾಷಿಂಗ್ಟನ್ನಿಗೆ ಕಾಗದ ಕಳಿಸುವುದನ್ನೇ ಬಿಟ್ಟುಬಿಟ್ಟರು. 2012ರಲ್ಲಿ ಸ್ಪೀಲ್‌ಬರ್ಗ್‌ನ ‘ಲಿಂಕನ್’ ಸಿನಿಮಾ ನೋಡಿ ಬಂದ ವೈದ್ಯಕೀಯ ಪ್ರಾಧ್ಯಾಪಕರೊಬ್ಬರಿಗೆ ಕುತೂಹಲ ಹುಟ್ಟಿ, ಯಾವ ರಾಜ್ಯ ಯಾವಾಗ ಒಪ್ಪಿತು ಎಂದು ಹುಡುಕಿದಾಗ ಇದು ಕಣ್ಣಿಗೆ ಬಿತ್ತು. ಅವರು ಭಾರತದಿಂದ ಹೋಗಿ ಕೆಲವೇ ವರ್ಷ ಹಿಂದೆ ಅಮೆರಿಕದ ಪ್ರಜೆಯಾದವರು. ಸಹೋದ್ಯೋಗಿಯೊಬ್ಬರು ಹಳೆಯ ಕಡತ ಹುಡುಕಿಸಿದರು, ರಾಜ್ಯದವರು ಬಾಕಿ ಉಳಿದ ಪತ್ರ ಕಳಿಸಿದರು, 2013ರ ಫೆಬ್ರವರಿ 7ರಂದು ದಾಖಲಾಯಿತು. ಅಂದಹಾಗೆ ಆ ತಿದ್ದುಪಡಿಯಲ್ಲಿ ಒಂದು ಕಿಂಡಿ ಇದೆ: ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳುವುದಕ್ಕೆ ಅಡ್ಡಿ ಇಲ್ಲ. ಅಮೆರಿಕದ ಹಲವು ಜೈಲುಗಳಲ್ಲಿ ಕೈದಿಗಳು ಇಂದಿಗೂ ಸಂಬಳವಿಲ್ಲದೆ ಹೊಲದಲ್ಲಿ ದುಡಿಯುವುದು ಆ ಅರ್ಧ ಸಾಲಿನ ಆಧಾರದ ಮೇಲೆ.